ನೀರಿಗೆ ಹೋದ ಕೂಸು

ಹಾನಗಲ್ಲಿನ ಮೈಲಾರಲಿಂಗ ಮೂವತ್ತೊಂದು ವರ್ಷ ಸರಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿ ದುಡಿದವನು. ಅಕ್ಕಿಆಲೂರು, ಹಿರೇಕೆರೂರು, ಬಂಕಾಪುರ, ಶಿಗ್ಗಾವಿ, ಸವಣೂರು, ಈ ಸೀಮೆಯ ಯಾವ ತಿರುವಿನಲ್ಲಿ ಯಾವ ಮುದುಕಿ ಕೈ ಎತ್ತುತ್ತಾಳೆ ಎಂಬುದು ಅವನಿಗೆ ಕಣ್ಣು ಮುಚ್ಚಿದರೂ ಗೊತ್ತಿತ್ತು. ಅವನಿಗೊಂದು ಹಮ್ಮೂ ಇತ್ತು. ಅಷ್ಟು ವರ್ಷದಲ್ಲಿ ಒಬ್ಬನೇ ಒಬ್ಬ ಪ್ರಯಾಣಿಕನನ್ನೂ ನಡುದಾರಿಯಲ್ಲಿ ಬಿಟ್ಟು ಬಂದವನಲ್ಲ. ಚಹಾಕ್ಕೆ ಇಳಿದವರು, ಎಲೆ ಅಡಿಕೆಗೆ ಇಳಿದವರು, ಗಿಡದ ಮರೆಗೆ ಹೋದವರು ಎಲ್ಲರೂ ಹತ್ತಿದರೋ ಇಲ್ಲವೋ ಎಂದು ತಲೆ ಎಣಿಸದೆ ಅವನ ಬಾಯಿಂದ ‘ರೈಟ್’ ಹೊರಟಿದ್ದಿಲ್ಲ.

“ಏ ಮೈಲಾರಿ, ನೀ ಬಸ್ಸಿನ ಕಂಡಕ್ಟರೋ, ಕುರಿ ಕಾಯಾಂವೋ?” ಎಂದು ಡ್ರೈವರುಗಳು ಚಾಷ್ಟಿ ಮಾಡುತ್ತಿದ್ದರು.

“ಎರಡೂ ಒಂದ ಕೆಲಸ ಬಿಡೋ. ಕುರಿ ಚಿಲ್ಲರೆ ಕೇಳೂದಿಲ್ಲ, ಅಷ್ಟ ಫರಕು” ಎಂದು ಇವನು ಅನ್ನುತ್ತಿದ್ದ.

ಅವನ ಅಪ್ಪ ಅಕ್ಕಿಆಲೂರಿನ ಅಕ್ಕಿ ಗಿರಣಿಯಲ್ಲಿ ಚೀಲ ಹೊರುತ್ತಿದ್ದ. ಮಗನಿಗೆ ಹತ್ತನೆಯ ಇಯತ್ತೆ ಮುಗಿಯುವಷ್ಟರಲ್ಲಿ ಅಪ್ಪನ ಬೆನ್ನು ಸೋತಿತು, ಸಾಲೆ ಅಲ್ಲಿಗೆ ನಿಂತಿತು. ಮುಂದಿನ ಓದನ್ನೆಲ್ಲ ಮೈಲಾರಲಿಂಗ ಬಸ್ಸು ನಿಂತ ಹೊತ್ತಿನಲ್ಲಿ ಓದಿಕೊಂಡ. ಹಿರೇಕೆರೂರಿನಲ್ಲಿ ಬಸ್ಸು ನಲವತ್ತು ನಿಮಿಷ ನಿಲ್ಲುತ್ತಿತ್ತು, ಅಲ್ಲಿಯ ವಾಚನಾಲಯದಲ್ಲಿ ನಲವತ್ತು ನಿಮಿಷ. ಸವಣೂರಿನಲ್ಲಿ ಒಂದು ತಾಸು ನಿಂತರೆ ಅಲ್ಲಿ ಒಂದು ತಾಸು. ಹೀಗೆ ತುಂಡು ತುಂಡಾಗಿ ಓದಿದ್ದನ್ನು ಸಾಲೆಯ ಹುಡುಗರಿಗೆ ಬಸ್ಸಿನಲ್ಲಿ ಹೇಳುತ್ತ ಹೇಳುತ್ತ ತನ್ನದನ್ನೂ ಸೇರಿಸತೊಡಗಿದ. ಹುಬ್ಬಳ್ಳಿ ರೂಟಿಗೆ ಹಾಕಿದಾಗ ಗೊಟಗೋಡಿಯ ರಾಕ್ ಗಾರ್ಡನ್ನಿನ ಬೊಂಬೆ ಜನರನ್ನು ಕಿಟಕಿಯಿಂದ ದಿನಾ ಕಂಡು, ಇವು ಎದ್ದು ನಡೆದರೆ ಏನು ಗತಿ ಅನಿಸಿತು. ಆ ದಿನದಿಂದ ಅವನ ಕಥೆಯಲ್ಲಿ ಕಲ್ಲಿನ ದಂಡು ಹುಟ್ಟಿತು.

ನಿವೃತ್ತಿಯಾದ ಮೇಲೆ ಆ ಕಥೆ ಪುಸ್ತಕವಾಯಿತು. ಒಂದಲ್ಲ, ಮೂರು ಎಂದು ಮೊದಲೇ ಹೇಳಿಬಿಟ್ಟಿದ್ದ. ಹಾನಗಲ್ಲಿನ ಆನೆಕೆರೆಯ ತಳದಲ್ಲಿ ಒಳಗೆರೆ ಎಂಬ ಇನ್ನೊಂದು ನಾಡು. ಬೇಸಿಗೆಯಲ್ಲಿ ನೀರು ಇಳಿದಾಗ ಐದು ಜನ ಹುಡುಗರು ಅಲ್ಲಿಗೆ ಇಳಿಯುತ್ತಾರೆ. ಹೂವಿ ಎಂಬ ಹುಡುಗಿ ಅವರ ಮುಂದಾಳು. ಮೊದಲನೆಯದು ‘ಒಳಗೆರೆಯ ದಾರಿ’, ಎರಡನೆಯದು ‘ಒಳಗೆರೆಯ ದೊರೆ’. ಎರಡೂ ನಾಲ್ಕು ತಾಲೂಕಿನ ಸಾಲೆಗಳಲ್ಲಿ ಕೈಯಿಂದ ಕೈಗೆ ಹೋಗಿ ಹೋಗಿ ಹಾಳೆಯ ಮೂಲೆ ನಾಯಿಕಿವಿಯಂತೆ ಮಡಚಿದ್ದವು. ಮೈಲಾರಲಿಂಗ ಸಂತೆಗೆ ಹೋದರೆ ಬದನೆಕಾಯಿ ಆರಿಸಲು ಬಿಡದೆ ಹುಡುಗರು ಕೇಳುತ್ತಿದ್ದರು: “ಅಜ್ಜಾ, ಮೂರನೇದು ಯಾವಾಗ್ರಿ?”

ಮೂರನೆಯದು ‘ಒಳಗೆರೆಯ ಕದ’. ಕಲ್ಲಿನ ದೊರೆ ಸೋತು, ಐವರೂ ಹೊರಗೆ ಬಂದು, ಎರಡು ನಾಡಿನ ನಡುವಿನ ಕದವನ್ನು ಮುಚ್ಚುತ್ತಾರೆ. ಮುಚ್ಚಿದ ಕದ ಮತ್ತೆ ತೆರೆಯುವುದಿಲ್ಲ. ಬರೆದು ಮುಗಿಸಿ, ಊರಿನಲ್ಲೇ ಪ್ರೆಸ್ಸು ಇಟ್ಟುಕೊಂಡಿದ್ದ ಮಹಾಂತೇಶನಿಗೆ ಕೊಟ್ಟಾಗಿತ್ತು. ಮದುವೆ ಕಾರ್ಡು, ಜಾತ್ರೆಯ ಪಾವತಿ ಪುಸ್ತಕ ಛಾಪಿಸುವ ಮಹಾಂತೇಶ ಈ ಮೂರನ್ನೂ ತನ್ನ ಮನೆಯ ಕೆಲಸ ಎಂದು ಹಿಡಿದಿದ್ದ.

ಅಷ್ಟರಲ್ಲಿ ಒಂದು ಮಂಗಳವಾರ ಅಂಚೆಯಲ್ಲಿ ಕಾಗದ ಬಂತು. ನೋಟ್‌ಬುಕ್ಕಿನ ಹಾಳೆ, ದುಂಡಗಿನ ಅಕ್ಷರ.

‘ಮಾನ್ಯರೇ, ನಾನು ಸವಣೂರಿನ ನುಜಹತ, ಹತ್ತನೆಯ ತರಗತಿ. ನಿಮ್ಮ ಎರಡೂ ಪುಸ್ತಕಗಳನ್ನು ನನ್ನ ದಾದಿಗೆ, ಅಂದರೆ ಅಪ್ಪನ ಅಮ್ಮನಿಗೆ, ಓದಿ ಹೇಳಿದ್ದೇನೆ. ಮೊದಲನೆಯ ಪುಸ್ತಕದ ಅರವತ್ತೊಂದನೆಯ ಪುಟದಲ್ಲಿ ಕೆರೆಯ ದಂಡೆಯಲ್ಲಿ ಆಡು ಕಾಯುವ ಐದು ವರ್ಷದ ಹುಡುಗಿಯೊಬ್ಬಳು ಇವರ ಬೆನ್ನು ಹತ್ತಿ ಒಳಗೆ ಇಳಿಯುತ್ತಾಳೆ. ಅರವತ್ತೆಂಟನೆಯ ಪುಟದಲ್ಲಿ ಹೂವಿ ಅವಳ ಕೈಗೆ ತಂಬಿಗೆ ಕೊಟ್ಟು ನೀರು ತಗೊಂಡು ಬಾ ಎಂದು ಕಳಿಸುತ್ತಾಳೆ. ಆಮೇಲೆ ಕಲ್ಲಿನ ದಂಡು ಬರುತ್ತದೆ, ಐವರೂ ಓಡುತ್ತಾರೆ. ಆ ಹುಡುಗಿ ಏನಾದಳು? ಎರಡನೆಯ ಪುಸ್ತಕದಲ್ಲಿಯೂ ಇಲ್ಲ. ಮೂರನೆಯದರಲ್ಲಿ ಬರುತ್ತಾಳೆ ಎಂದು ದಾದಿಗೆ ನಾನೇ ಸುಳ್ಳು ಹೇಳಿದ್ದೇನೆ. ಅದು ಸುಳ್ಳಾಗದ ಹಾಗೆ ನೋಡಿಕೊಳ್ಳಿ.’

ಮೈಲಾರಲಿಂಗ ಕಾಗದವನ್ನು ಎರಡು ಸಲ ಓದಿದ. ಗೂಡಿನಿಂದ ಮೊದಲನೆಯ ಪುಸ್ತಕ ತೆಗೆದು ಅರವತ್ತೆಂಟನೆಯ ಪುಟ ತಿರುವಿದ. ಹುಡುಗಿ ತಂಬಿಗೆ ಹಿಡಿದು ಹೋಗಿದ್ದಳು. ಬಂದಿರಲಿಲ್ಲ.

ಆಮೇಲೆ ಅವನು ತನ್ನ ದೊಡ್ಡ ಹಾಳೆಯನ್ನು ಬಿಚ್ಚಿದ. ಅದು ಅವನ ಬರವಣಿಗೆಯ ಗುಟ್ಟು. ಕಂಡಕ್ಟರರು ಟ್ರಿಪ್ಪಿನ ವಿವರ ತುಂಬುವ ವೇಬಿಲ್ಲಿನ ಹಾಗೆಯೇ ಗೆರೆ ಎಳೆದು, ಯಾವ ಪಾತ್ರ ಯಾವ ಪುಟದಲ್ಲಿ ಹತ್ತಿತು, ಯಾವ ಪುಟದಲ್ಲಿ ಇಳಿಯಿತು ಎಂದು ಬರೆದಿಟ್ಟಿದ್ದ. ಸತ್ತವರು ಎಲ್ಲಿ ಸತ್ತರು, ಕುದುರೆ ಎಲ್ಲಿ ಉಳಿಯಿತು, ಎಲ್ಲಕ್ಕೂ ದಾಖಲೆ. ಮೂರನೆಯ ಪುಸ್ತಕ ಮುಗಿದ ದಿನ ಹಾಳೆಯ ಮೇಲೆ ಬೆರಳಿಟ್ಟು ಎಣಿಸಿ, ಎಲ್ಲರೂ ಇಳಿದರು ಎಂದು ಗೀಟು ಹಾಕಿದ್ದ. ಈಗ ನೋಡಿದರೆ ಆಡು ಕಾಯುವ ಹುಡುಗಿ ಆ ಹಾಳೆಯಲ್ಲೇ ಇಲ್ಲ.

ಯಾಕಿಲ್ಲ ಎಂಬುದು ತಿಳಿಯಲು ಅವನಿಗೆ ಹೊತ್ತು ಹಿಡಿಯಲಿಲ್ಲ. ಐದು ವರ್ಷ. ಆರು ತುಂಬದ ಮಕ್ಕಳಿಗೆ ಬಸ್ಸಿನಲ್ಲಿ ಟಿಕೆಟ್ಟಿಲ್ಲ. ಟಿಕೆಟ್ಟಿಲ್ಲದವರು ವೇಬಿಲ್ಲಿಗೆ ಬರುವುದಿಲ್ಲ. ಮೂವತ್ತೊಂದು ವರ್ಷ ಪಳಗಿದ ಕೈ ಅವಳನ್ನು ತಾನಾಗಿಯೇ ಬಿಟ್ಟು ಮುಂದಿನ ಹೆಸರಿಗೆ ಹೋಗಿತ್ತು.

ಹೆಂಡತಿ ಅನ್ನವ್ವ ಪಡಸಾಲೆಯಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಗಂಡನ ಮುಖ ನೋಡಿ ಮೊರ ಕೆಳಗಿಟ್ಟಳು.

“ಏನ್ರಿ, ಯಾಕ ಹಿಂಗ ಮಾರಿ ಸಪ್ಪಗ ಮಾಡ್ಕೊಂಡೀರಿ?”

“ಒಂದು ಕೂಸಿನ್ನ ಬಿಟ್ಟು ಬಂದೇನಿ.”

“ಎಲ್ಲಿ?”

“ಪುಸ್ತಕದಾಗ.”

ಅವಳು ನಗಬೇಕೆಂದು ಬಾಯಿ ತೆರೆದವಳು ನಗಲಿಲ್ಲ. ಅವನು ಹಾಳೆ ತೋರಿಸಿ ಎಲ್ಲ ಹೇಳಿದ.

“ಅಲ್ರಿ, ನಾ ಎರಡು ಕೂಸಿನ್ನ ಉಡಿಯಾಗ ಹಾಕ್ಕೊಂಡು ನಿಮ್ಮ ಬಸ್ಸಿನಾಗ ತವರಿಗೆ ಹೋಗೇನಿ. ಅವನ್ನೂ ಎಣಸಿರಲಿಲ್ಲೇನು?”

“ಉಡಿಯಾಗಿನ ಕೂಸಿನ್ನ ಯಾರ ಎಣಸ್ತಾರ? ಅವ್ವ ಹತ್ತಿದ್ರ ಕೂಸು ಹತ್ತಿದಂಗ.”

“ಈ ಕೂಸಿನ ಅವ್ವ ಎಲ್ಲಿ ಅದಾಳ ನಿಮ್ಮ ಪುಸ್ತಕದಾಗ?”

ಮೈಲಾರಲಿಂಗ ಹಾಳೆ ಮಡಚಿದ. ಚಪ್ಪಲಿ ಮೆಟ್ಟಿ ಪ್ರೆಸ್ಸಿಗೆ ನಡೆದ.

ಪ್ರೆಸ್ಸಿನಲ್ಲಿ ಮಶೀನು ನಡೆದಿತ್ತು. ಛಾಪಾ ಆದ ಹಾಳೆಗಳು ಗೋಡೆಯುದ್ದಕ್ಕೂ ಎದೆಮಟ್ಟ ಪೇರಿಸಿ ನಿಂತಿದ್ದವು. ಮಹಾಂತೇಶ ಮಸಿಗೈ ಒರೆಸಿಕೊಳ್ಳುತ್ತ ಬಂದು, ಸಂಗತಿ ಕೇಳಿ, ತಲೆ ತುರಿಸಿಕೊಳ್ಳಹೋಗಿ ಹಣೆಗೆಲ್ಲ ಮಸಿ ಮಾಡಿಕೊಂಡ.

“ಕಾಕಾ, ಹನ್ನೆರಡು ಫಾರಂ ಛಾಪಾ ಆಗಿ ಕುಂತಾವ. ನೂರಾ ತೊಂಬತ್ತೆರಡು ಪುಟ. ಈಗ ಬಂದು ಕೂಸು ಅಂತೀರಿ.”

“ಉಳದದ್ದು ಎಷ್ಟು?”

“ಕಡೇ ಫಾರಂ ಒಂದ. ಹದಿನಾರು ಪುಟ. ಶುಕ್ರವಾರ ಮುಂಜಾನೆ ಛಾಪಿಸೂ ಪ್ಲೇಟಿಗೆ ಹೋಗತೈತಿ. ಈ ರವಿವಾರ ಬಿಟ್ಟು ಮುಂದಿನ ರವಿವಾರ ಸವಣೂರಿನ ಸಾಲ್ಯಾಗ ಬಿಡುಗಡಿ, ಕಾರ್ಡು ಹಂಚೇವಿ.”

“ಹದಿನಾರು ಪುಟ ನಂಗ ತಿರಗಿ ಕೊಡು.”

“ಕೊಡ್ತೇನಿ. ಆದ್ರ ಹದಿನೇಳನೇದು ಕೇಳಬ್ಯಾಡ್ರಿ. ಮತ್ತ ನೂರಾ ತೊಂಬತ್ತೆರಡರ ಕಡೀಗೆ ವಾಕ್ಯ ಅರ್ಧಕ್ಕ ನಿಂತೈತಿ. ಅದರ ಬಾಲ ಹಿಡಕೊಂಡ ನೀವು ಮುಂದ ಹೋಗಬೇಕು. ಹಿಂದಿಂದು ಮುಟ್ಟಾಂಗಿಲ್ಲ.” ಆಮೇಲೆ ಅವನೇ ಒಂದು ಉಪಾಯ ಹೇಳಿದ: “ಕಾಕಾ, ಆ ಹುಡಿಗೀನ್ನ ಇಟ್ಕೊಂಡು ನಾಕನೇ ಪುಸ್ತಕ ಮಾಡಿಬಿಡ್ರಿ. ಹುಡುಗರೂ ಖುಷಿ, ನಂಗೂ ಕೆಲಸ.”

“ಮೂರು ಅಂತ ಬೋರ್ಡು ಹಾಕಿ ಹುಡುಗರನ್ನ ಹತ್ತಿಸ್ಕೊಂಡೇನಿ. ಊರು ಬಂದ ಮ್ಯಾಲೆ ಗಾಡಿ ಇನ್ನೂ ಮುಂದ ಹೋಗತೈತಿ ಅನ್ನಲೇನು? ಅದೂ ಅಲ್ಲದ ಕದ ಮುಚ್ಚಿದ ಮ್ಯಾಲೆ ಆಕಿ ಒಳಗ ಉಳದ್ರ, ಉಳದಂಗ.”

ಮಹಾಂತೇಶ ನೂರಾ ತೊಂಬತ್ತೆರಡನೆಯ ಪುಟ ತೆಗೆದು ಕೈಗೆ ಕೊಟ್ಟ. ಕೊನೆಯ ಸಾಲುಗಳು ಹೀಗಿದ್ದವು: ‘ಐವರೂ ಹೆಗಲು ಕೊಟ್ಟು ತಳ್ಳಿದರು. ಕದ ಅಲುಗಲಿಲ್ಲ. ಹೂವಿ ಕಣ್ಣು ಮುಚ್ಚಿ’. ಅಲ್ಲಿಗೆ ಪುಟ ಮುಗಿದಿತ್ತು. ಮುಂದೆ, ಅವನೇ ಬರೆದಂತೆ, ಹೂವಿ ಉಸಿರು ಬಿಗಿಹಿಡಿದು ಕಡೆಯ ಸಲ ತಳ್ಳುತ್ತಾಳೆ, ಕದ ಮುಚ್ಚುತ್ತದೆ. ಆಮೇಲೆ ಊರವರು ಐವರನ್ನು ಮೆರವಣಿಗೆಯಲ್ಲಿ ಕರೆತರುವುದು ಎಂಟು ಪುಟ. ಕೊನೆಗೆ ‘ಲೇಖಕನ ಅರಿಕೆ’, ನಾಲ್ಕು ಪುಟ, ಫೋಟೋ ಸಮೇತ. ಒಬ್ಬ ಪ್ರಯಾಣಿಕನನ್ನೂ ಬಿಟ್ಟು ಬರದ ಹಮ್ಮನ್ನು ಅದರಲ್ಲಿ ಮನಸಾರೆ ಬರೆದುಕೊಂಡಿದ್ದ.

ಆ ಸಂಜೆಯೆಲ್ಲ ಕುಳಿತು ಏನೇನೋ ಬರೆದ. ಹುಡುಗಿ ಮೊದಲೇ ಮನೆಗೆ ಹೋಗಿದ್ದಳು ಎಂದು ಬರೆದು ಹರಿದ. ಅದು ಕಂಡಕ್ಟರು ಮೇಲಿನವರಿಗೆ ಬರೆದುಕೊಡುವ ಸಬೂಬಿನ ಹಾಗಿತ್ತು. ಹದ್ದೊಂದು ಅವಳನ್ನು ಎತ್ತಿಕೊಂಡು ಬಂತೆಂದು ಬರೆದ. ಅದನ್ನೂ ಹರಿದ. ಬುಧವಾರ ಬೆಳಿಗ್ಗೆ ಎದ್ದು, ಬಂಕಾಪುರದಲ್ಲಿ ಬಸ್ಸು ಬದಲಿಸಿ, ಸವಣೂರಿಗೆ ಹೋದ. ಕೇಳಿದವಳನ್ನೇ ಕೇಳಬೇಕು ಎಂಬುದು ಅವನ ಮನಸ್ಸಿನಲ್ಲಿತ್ತು.

ನುಜಹತಳ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಾಗಿಲಿಗೆ ಬಂದ ಹುಡುಗಿ ಹೆಸರು ಕೇಳಿದ್ದೇ ಓಡಣಿಯ ಅಂಚನ್ನು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಒಳಗೆ ಒದ್ದೆ ಗೋಣಿಯ ಮೇಲೆ ವೀಳ್ಯದೆಲೆಯ ರಾಶಿ. ಅದರ ಮುಂದೆ ಅವಳ ದಾದಿ ಜನ್ನತಬಿ ಕುಳಿತಿದ್ದಳು. ಎಪ್ಪತ್ತೈದು ದಾಟಿದ ಮುದುಕಿ. ಕಣ್ಣು ಮಂಜಾಗಿದ್ದರೂ ಬೆರಳು ಎಲೆಯ ಮೈ ಸವರಿ ಎಳೆಯದು, ಬಲಿತದ್ದು, ಹರಿದದ್ದು ಎಂದು ಬೇರೆ ಮಾಡುತ್ತಿತ್ತು. ಐವತ್ತು ವರ್ಷದಿಂದ ಅದೇ ಕೆಲಸ.

“ಕೂಸಿನ್ನ ಬಿಟ್ಟು ಬಂದವರು ನೀವ ಏನ್ರಿ?” ಎಂದಳು, ಕೈ ನಿಲ್ಲಿಸದೆ.

“ಹೌದ್ರಿ ಅಮ್ಮಾರ. ನಾನ.”

“ಕುಂಡ್ರಿ. ನುಜ್ಜು, ಚಾ ಇಡು.”

ಚಹಾ ಇಡಲು ಎದ್ದ ನುಜಹತ ಬಾಗಿಲಲ್ಲೇ ನಿಂತು ಹೇಳಿದಳು: “ಸರ್, ಆ ಪುಟ ಓದಿದ ದಿನದಿಂದ ದಾದಿ ಹೂಂ ಅನ್ನೂದು ಬಿಟ್ಟಾರ್ರಿ. ಎರಡನೇ ಪುಸ್ತಕ ಪೂರಾ ನಾ ಗ್ವಾಡಿಗೆ ಓದಿದಂಗ ಓದೇನಿ.”

ಎಲೆ ಆರಿಸುವ ಹೆಂಗಸರ ನಡುವೆ ಅದೊಂದು ಪದ್ಧತಿ. ಒಬ್ಬಳು ಕಥೆ ಹೇಳಿದರೆ ಇನ್ನೊಬ್ಬಳು ಹೂಂಗುಟ್ಟಬೇಕು. ಹೂಂ ಬರದಿದ್ದರೆ ಹೇಳುವವಳು ಮುಂದೆ ಹೋಗುವಂತಿಲ್ಲ. ಜನ್ನತಬಿ ಎಲೆ ಆರಿಸತೊಡಗಿದ ದಿನದಿಂದ ಆ ಓಣಿಯ ಹೂಂ ಅವಳದೇ ಆಗಿತ್ತು.

“ಹೂಂ ಅಂದ್ರ ಏನ್ರಿ?” ಎಂದಳು ಮುದುಕಿ. “ಎಲ್ಲಾರೂ ಬಂದಾರ, ಇನ್ನ ಮುಂದ ನಡೀರಿ ಅಂದಂಗ. ಕೂಸು ಬಂದಿಲ್ಲ. ನಾ ಹೆಂಗ ಹೂಂ ಅನ್ಲಿ?”

ಮೈಲಾರಲಿಂಗನ ಕಿವಿಗೆ ಕಾದ ಎಣ್ಣೆ ಬಿಟ್ಟ ಹಾಗಾಯಿತು. ತಾನು ಮೂವತ್ತೊಂದು ವರ್ಷ ‘ರೈಟ್’ ಎಂದದ್ದು ಇದೇ ಮಾತನ್ನು. ಈ ಮುದುಕಿ ತನಗಿಂತ ಗಟ್ಟಿ ಕಂಡಕ್ಟರು.

“ತಪ್ಪಾಗೇತ್ರಿ. ಈಗ ಆಕೀನ್ನ ಹುಡುಕೂದು ಹೆಂಗ ಅಂತ ತಿಳೀವಲ್ದು. ಉಳದದ್ದು ಹದಿನಾರು ಪುಟ. ಒಳಗೆರಿ ಕದ ಮುಚ್ಚಾಕತ್ತೈತಿ, ಅಷ್ಟರಾಗ ಹುಡುಕಿ ಕರಕೊಂಡ ಬರಬೇಕು.”

“ಹುಡುಕೂದು ಏನೈತಿ? ಆಕಿ ಎಲ್ಲಿ ಕಳದಾಳ?” ಜನ್ನತಬಿ ಮೊದಲ ಸಲ ಕೈ ನಿಲ್ಲಿಸಿದಳು. “ನೀರ್ ತಗೊಂಡ್ ಬಾ ಅಂದ್ರಿ. ಹೋದ್ಳು. ತಂದ್ಳು. ಬಂದು ನೋಡಿದ್ರ ನೀವ ಇಲ್ಲ. ಸಣ್ಣ ಕೂಸು ಏನ್ ಮಾಡತೈತಿ? ತಂಬಿಗಿ ತೊಡಿಮ್ಯಾಲೆ ಇಟ್ಕೊಂಡು ಅಲ್ಲೇ ಕುಂತೈತಿ. ಕಳದವರು ನೀವು. ಹೋಗಿ ಕರೀರಿ, ಬರತಾಳ.”

“ದಾದಿ, ಕದ ಮುಚ್ಚಾಕತ್ತೈತಂತ” ಎಂದಳು ನುಜಹತ.

“ಯಾರ್ ಮುಚ್ಚಾವ್ರು? ಇವರ ಅಲ್ಲೇನು ಬರಿಯಾವ್ರು? ಕೈ ತಡೀರಿ ಅನ್ನು.” ಮತ್ತೆ ಅವನ ಕಡೆ ತಿರುಗಿ, “ಆಕಿ ಹೆಸರೇನ್ರಿ?”

“ಇಟ್ಟಿಲ್ರಿ. ನೀವ ಒಂದು ಇಡ್ರಿ.”

“ನಾ ಯಾಕ ಇಡ್ಲಿ? ಆಕೀಗೆ ಇದ್ದ ಇರತೈತಿ. ನೀವು ಕೇಳಿಲ್ಲ.”

ಚಹಾ ಕುಡಿದು ಹೊರಟಾಗ ಮುದುಕಿ ನಾಲ್ಕು ಎಳೆ ಎಲೆ ಮಡಚಿ ಅವನ ಕೈಗಿಟ್ಟಳು.

ಬಂಕಾಪುರದಲ್ಲಿ ಹಾನಗಲ್ಲಿನ ಬಸ್ಸು ಹೊರಡುವುದರಲ್ಲಿತ್ತು. ಮೈಲಾರಲಿಂಗ ಓಡಿ ಹತ್ತಿದ. ಕಂಡಕ್ಟರು ಹರೆಯದ ಹೆಣ್ಣುಮಗಳು. ಡ್ರೈವರು ಎರಡು ಸಲ ಹಾರ್ನು ಬಾರಿಸಿ ಬಾಗಿಲ ಗುಂಡಿ ಒತ್ತಿದ. ಬಾಗಿಲು ಅರ್ಧ ಬಂದು ನಿಂತಿತು. ನೋಡಿದರೆ ಅವಳು ಮೆಟ್ಟಿಲ ಮೇಲೆ ನಿಂತು ಮೊಣಕೈ ಅಡ್ಡ ಕೊಟ್ಟಿದ್ದಾಳೆ.

“ಹೋಲ್ಡಾನ್. ಬಾಗಲಾ ಹಾಕಬ್ಯಾಡ್ರಿ ಅಣ್ಣಾರ, ಇನ್ನೊಬ್ರು ಅದಾರ.”

“ಎಷ್ಟೊತ್ತು ಕಾಯೂದು ತಂಗಿ?”

“ಬರೂತನಕ.”

ಬಾಟಲಿಯಲ್ಲಿ ನೀರು ತುಂಬಿಸಿಕೊಂಡು ಒಬ್ಬ ಮುದುಕ ನಿಧಾನಕ್ಕೆ ಬಂದು ಹತ್ತಿದ. ಬಾಗಿಲು ಮುಚ್ಚಿತು. ಮೈಲಾರಲಿಂಗ ಮುಂದಿನ ಸೀಟಿನ ಕಂಬಿ ಹಿಡಿದು ಹಾಗೇ ಕುಳಿತುಬಿಟ್ಟ. ಐವರು ಹೆಗಲು ಕೊಟ್ಟರೂ ಕದ ಅಲುಗಲಿಲ್ಲ ಎಂದು ತಾನೇ ಬರೆದಿದ್ದ. ಯಾಕೆ ಅಲುಗಲಿಲ್ಲ ಎಂದು ಬರೆದಿರಲಿಲ್ಲ. ಯಾರಾದರೂ ಕೇಳಿದ್ದರೆ, ಕಥೆ ರಂಗೇರಲಿ ಎಂದು ಅನ್ನುತ್ತಿದ್ದ. ಒಳಗೆ ಹೋದವರು ಆರು ಜನ. ಹೊರಗೆ ಬಂದವರು ಐದು. ಕದ ಹೇಗೆ ಮುಚ್ಚೀತು? ಪುಸ್ತಕದ ಕದಕ್ಕೆ ಗೊತ್ತಿದ್ದದ್ದು ಬರೆದವನಿಗೆ ಗೊತ್ತಿರಲಿಲ್ಲ. ಜೇಬು ತಡಕಿ, ಟಿಕೆಟ್ಟಿನ ಹಿಂದೆ ಸಣ್ಣಗೆ ಬರೆದುಕೊಂಡ: ‘ಹೂವಿ ಕಣ್ಣು ಮುಚ್ಚಿ ತನ್ನವರನ್ನು ಎಣಿಸತೊಡಗಿದಳು.’

ಗುರುವಾರ ಬೆಳಕು ಹರಿದಾಗ ಕುಳಿತವನು ದೀಪ ಹಚ್ಚುವ ಹೊತ್ತಿಗೆ ಎದ್ದ. ಮೆರವಣಿಗೆಯ ಎಂಟು ಪುಟ ಹೋದವು. ಡೊಳ್ಳು, ಆರತಿ, ಊರ ಗೌಡರ ಭಾಷಣ ಎಲ್ಲ ಹೋಯಿತು. ಆದರೂ ಹುಡುಗಿಯ ದಾರಿಗೆ ಜಾಗ ಸಾಲದೆ ಬಂತು. ಆಗ ‘ಲೇಖಕನ ಅರಿಕೆ’ಯನ್ನು ಎದುರಿಗೆ ಎಳೆದುಕೊಂಡು ಪೆನ್ನು ಹಿಡಿದ.

ಅನ್ನವ್ವ ಬಗ್ಗಿ ನೋಡಿದಳು. “ಫೋಟೋನೂ ತಗೀತೀರೇನು? ಹೊಸಾ ಅಂಗಿ ಹೊಲಿಸಿ ತಗಸಿದ್ದು.”

“ಅಂಗಿ ಉಳಿತೈತಿ ಬಿಡು. ಜಾಗಾ ಇಲ್ಲ.”

“ಮೂವತ್ತೊಂದು ವರ್ಷದ ಮಾತೂ?”

“ಅದು ಈಗ ಸುಳ್ಳಾತಲ್ಲ” ಎಂದು ಅವನು ಗೀಟು ಎಳೆದ. ನಾಲ್ಕು ಪುಟದ ಜಾಗದಲ್ಲಿ ಮೂರೇ ಸಾಲು ಬರೆದ: ‘ಮೊದಲನೆಯ ಪುಸ್ತಕದಲ್ಲಿ ಒಂದು ಮಗುವನ್ನು ಬಿಟ್ಟು ಮುಂದೆ ಹೋಗಿದ್ದೆ. ತಪ್ಪು ನನ್ನದು. ನಿಲ್ಲಿಸಿ ಹೇಳಿದವರು ಸವಣೂರಿನ ಜನ್ನತಬಿ ಮತ್ತು ನುಜಹತ.’

ಶುಕ್ರವಾರ ಕಡೆಯ ಫಾರಂ ಪ್ಲೇಟಿಗೆ ಹೋಯಿತು. ಮುಂದಿನ ಗುರುವಾರ, ಅಂಟು ಇನ್ನೂ ಹಸಿಯಿದ್ದ ಮೊದಲ ಪ್ರತಿಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಮೈಲಾರಲಿಂಗ ಮತ್ತೆ ಸವಣೂರಿನ ಬಸ್ಸು ಹಿಡಿದ. ಬಿಡುಗಡೆಗೆ ಇನ್ನೂ ಮೂರು ದಿನವಿತ್ತು. ಆದರೆ ಸಭೆಯ ಚಪ್ಪಾಳೆಯಿಂದ ಅವನಿಗೆ ಆಗಬೇಕಾದ್ದು ಏನೂ ಇರಲಿಲ್ಲ. ಬೇಕಾದ್ದು ಈ ಮನೆಯಲ್ಲಿತ್ತು.

ಜನ್ನತಬಿ ಎಲೆಯ ರಾಶಿಯ ಮುಂದೆ ಅದೇ ಜಾಗದಲ್ಲಿ ಕುಳಿತಿದ್ದಳು. “ಕೂಸು ಬಂದ ಹಾಳಿ ಓದು” ಎಂದಳು ಮೊಮ್ಮಗಳಿಗೆ, ಬೇರೆ ಏನೂ ಕೇಳದೆ.

ನುಜಹತ ನೂರಾ ತೊಂಬತ್ತಮೂರನೆಯ ಪುಟದಿಂದ ಓದತೊಡಗಿದಳು. ಹೂವಿ ಐದಕ್ಕೆ ನಿಂತು, ಮತ್ತೆ ಎಣಿಸಿ, ಮತ್ತೆ ಐದಕ್ಕೆ ನಿಂತಳು. ಕದ ಮುಚ್ಚದ್ದು ಯಾಕೆಂದು ಅವಳಿಗೆ ಹೊಳೆಯಿತು. ನಾಲ್ವರನ್ನು ಕದಕ್ಕೆ ಅಡ್ಡ ನಿಲ್ಲಿಸಿ ಒಬ್ಬಳೇ ಒಳಗೆ ಓಡಿದಳು. ಬಿದ್ದ ಕಲ್ಲಿನ ದಂಡನ್ನು ದಾಟಿ, ಉಪ್ಪಿನ ಬಯಲು ದಾಟಿ, ಮೊದಲ ದಿನ ಕುಳಿತಿದ್ದ ಬಂಡೆಯ ಹತ್ತಿರ ಬಂದಳು. ಮುದುಕಿಯ ಬೆರಳು ಎಲೆ ಸವರುತ್ತಲೇ ಇತ್ತು. ಬಾಯಿ ಮಾತ್ರ ಮುಚ್ಚಿತ್ತು. ಮೈಲಾರಲಿಂಗ ಗೋಡೆಗೆ ಆತು, ಟವೆಲ್ಲನ್ನು ಹಿಂಡುತ್ತ ಕುಳಿತಿದ್ದ.

ನುಜಹತ ಓದಿದಳು: “‘ಬಂಡೆಯ ನೆರಳಿನಲ್ಲಿ ಹುಡುಗಿ ಕುಳಿತಿದ್ದಳು. ತಂಬಿಗೆ ತೊಡೆಯ ಮೇಲಿತ್ತು. ಯಾಕೆ ಇಲ್ಲೇ ಕುಳಿತೆ ಎಂದಳು ಹೂವಿ. ನೀರು ತಾ ಅಂದ್ರಿ, ತಂದೆ, ನೀವು ಇರಲಿಲ್ಲ ಎಂದಳು ಹುಡುಗಿ. ಹೂವಿ ನೆಲಕ್ಕೆ ಕುಳಿತು, ನಿನ್ನ ಹೆಸರೇನು ಎಂದು ಕೇಳಿದಳು. ಈಗ ಕೇಳಿದ್ರಾ ಎಂದು ನಕ್ಕು ಹುಡುಗಿ, ಬರಮಿ ಎಂದಳು. ಹೂವಿ ತಂಬಿಗೆಗೆ ಬಾಯಿಟ್ಟು ಕುಡಿದಳು. ನೀರು ಇನ್ನೂ ತಣ್ಣಗಿತ್ತು.’”

ನುಜಹತ ನಿಲ್ಲಿಸಿದಳು. ಹೊರಗೆ ಯಾರದೋ ಸೈಕಲ್ಲು ಗಂಟೆ ಬಾರಿಸಿ ಹೋಯಿತು. ಜನ್ನತಬಿ ಕೈಯಲ್ಲಿದ್ದ ಎಲೆಯನ್ನು ತಿರುವಿ, ಒಳ್ಳೆಯದರ ಕಡೆಗೆ ಇಟ್ಟಳು.

“ಹೂಂ” ಎಂದಳು.

ಮೈಲಾರಲಿಂಗ ಕನ್ನಡಕ ತೆಗೆದು ಟವೆಲ್ಲಿನಿಂದ ಒರೆಸಿಕೊಂಡ. ಕನ್ನಡಕ ಸ್ವಚ್ಛವೇ ಇತ್ತು. ಬರಮಿಯ ಕೈ ಹಿಡಿದು ಹೂವಿ ಹೊರಗೆ ಬಂದು, ಆರು ಎಂದು ಎಣಿಸಿ, ಕದವನ್ನು ಒಂದು ಬೆರಳಿನಿಂದ ತಳ್ಳಿ ಮುಚ್ಚುವವರೆಗೂ ಮುದುಕಿ ಸಾಲುಸಾಲಿಗೆ ಹೂಂ ಎಂದಳು. ಕೊನೆಯ ಪುಟದಲ್ಲಿ ತನ್ನ ಹೆಸರು ಬಂದಾಗ ಮಾತ್ರ, “ಅದೇನು ಬೇಕಿತ್ತು” ಎಂದು ಸೆರಗು ಸರಿಮಾಡಿಕೊಂಡಳು.

ನಾಲ್ಕು ಗಂಟೆಯ ಬಸ್ಸಿಗೆ ಇನ್ನು ಕಾಲು ತಾಸಿತ್ತು. ಅವನು ಎದ್ದು, “ಬರ್ತೇನ್ರಿ ಅಮ್ಮಾರ” ಎಂದ.

“ಎಲ್ಲಿಗ್ರಿ? ಕುಂಡ್ರಿ. ನುಜ್ಜು, ಎರಡನೇ ಪುಸ್ತಕ ತಗಿ. ನಾ ಅದನ್ನ ಕೇಳೇ ಇಲ್ಲ.”

“ಪೂರಾ ಓದಿ ಹೇಳೇನಿ ದಾದಿ” ಎಂದಳು ನುಜಹತ.

“ಹೂಂ ಇಲ್ಲದ್ದು ಕೇಳಿದಂಗಲ್ಲ. ಮೊದಲಿಂದ ಓದು. ಬರದವರೂ ಕೇಳ್ಲಿ, ಇನ್ನ ಯಾರನ್ನರ ಬಿಟ್ಟಾರೋ ಏನೋ.”

ಮೈಲಾರಲಿಂಗ ಜೇಬಿನಿಂದ ತನ್ನ ದೊಡ್ಡ ಹಾಳೆಯನ್ನು ತೆಗೆದು ಮೊಣಕಾಲ ಮೇಲೆ ಹರಡಿಕೊಂಡ. ಕೆಳಗಿನ ಖಾಲಿ ಗೆರೆಯಲ್ಲಿ ಬರಮಿ ಎಂದು ಬರೆದು, ಹತ್ತಿದ ಪುಟ, ಇಳಿದ ಪುಟ ತುಂಬಿದ. ಬೆರಳನ್ನು ಮೊದಲ ಹೆಸರಿನ ಮೇಲಿಟ್ಟುಕೊಂಡು ಕೇಳಲು ಕುಳಿತ. ಎರಡನೆಯ ಪುಸ್ತಕದ ಮೂರನೆಯ ಪುಟದಲ್ಲಿರುವಾಗ ಸ್ಟ್ಯಾಂಡಿನ ಕಡೆಯಿಂದ ಹಾರ್ನು ಎರಡು ಸಲ ಕೇಳಿಸಿತು. ಅವನು ತಲೆ ಎತ್ತಲಿಲ್ಲ. ನಾಲ್ಕರ ಬಸ್ಸು ಅವನನ್ನು ಬಿಟ್ಟು ಹೋಯಿತು.